ಸೋರಪ್ಪನ ನೀರಿನ ಪರೀಕ್ಷೆ

ಸಮಸ್ತರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪ್ಲಂಬರ್ ಸೋರಪ್ಪ ಕೆಲಸದ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡ.

ಇದು ಸಣ್ಣ ಸಂಗತಿ ಅಂತ ನಿಮಗೆ ಅನ್ನಿಸಬಹುದು. ಅವನ ಹೆಂಡತಿಗೆ ಅನ್ನಿಸಲಿಲ್ಲ. ಆಕೆ ಕಂಡಂತೆ ಆ ಶರಟು ಕಪಾಟಿನಿಂದ ಹೊರಗೆ ಬಂದದ್ದು ಎರಡೇ ಸಲ. ಎರಡು ಸಲವೂ ಯಾರೋ ತೀರಿಕೊಂಡಿದ್ದರು.

"ಯಾರ್ರೀ ಹೋದ್ರು?" ಅಂದಳು.

"ಯಾರೂ ಹೋಗಿಲ್ಲ ಕಣೇ. ಒಂದು ಸಿಂಕ್ ನೋಡ್ಬೇಕು."

"ಸಿಂಕ್ ನೋಡೋಕೆ ಈ ಪಾಟಿ ಅಲಂಕಾರನಾ? ನಮ್ಮ ಮದುವೇಲೇ ಗುಂಡಿ ಏರುಪೇರಾಗಿ ಹಾಕ್ಕೊಂಡು ಬಂದಿದ್ರಿ."

"ದೊಡ್ಡೋರ ಮನೆ ಸಿಂಕು," ಅಂತ ಗೊಣಗಿ ಸೋರಪ್ಪ ಮೆಟ್ಟಿಲಿಳಿದ. ಬಾಯಿ ಬಿಗಿ ಮಾಡೋದು ಅವನ ಕಸುಬೇ. ಆದರೆ ಅದು ನಲ್ಲಿಗಳ ಬಾಯಿ. ತನ್ನ ಬಾಯಿಯ ಮೇಲೆ ಅವನಿಗೆ ಅಷ್ಟು ಭರವಸೆ ಇರಲಿಲ್ಲ.

ಸೋರಪ್ಪ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾರ ಮನೆಗೆ ಹೋದರೂ ಚಪ್ಪಲಿ ಬಿಡೋ ಮೊದಲೇ "ಎಲ್ಲಿ ಸೋರ್ತಿದೆ?" ಅಂತ ಕೇಳಿ ಕೇಳಿ ಬಂದ ಬಿರುದು. ಕೆಳಗೆ ಬೈಕಿನ ಮೇಲೆ ಹೆಂಡತಿಯ ತಮ್ಮ ಕಾಯ್ತಿದ್ದ. ಅವನು ಲಿಫ್ಟ್ ಮೆಕ್ಯಾನಿಕ್. ಭಾವ ನೀರನ್ನ ಮೇಲಕ್ಕೆ ಹತ್ತಿಸ್ತಾನೆ, ಬಾಮೈದ ಜನರನ್ನ. ಯಾವುದು ಮಧ್ಯದಲ್ಲಿ ನಿಂತರೂ ಬೀಳೋ ಬೈಗುಳ ಒಂದೇ.

"ಅಕ್ಕನಿಗೆ ಡೌಟ್ ಬಂತಾ ಭಾವ?"

"ಶರಟಿನ ಮೇಲೆ ಬಂದಿದೆ. ನನ್ನ ಮೇಲೆ ಇನ್ನೂ ಇಲ್ಲ. ನಡಿ ನಡಿ."

ನಾಳಿದ್ದು ಹೆಂಡತಿಗೆ ಐವತ್ತು ತುಂಬುತ್ತೆ. ಮದುವೆಗೆ ಮುಂಚೆ ಆಕೆ ಬಟ್ಟೆ ಗಿರಣಿಯ ಬ್ಯಾಂಡಿನಲ್ಲಿ ಸೊಪ್ರಾನೊ ಸ್ಯಾಕ್ಸೊಫೋನ್ ಊದುತ್ತಿದ್ದಳು. ಸ್ಯಾಕ್ಸೊಫೋನ್ ಕುಲದಲ್ಲೇ ಇದು ಚಿಕ್ಕದು, ಅಣ್ಣಂದಿರ ಹಾಗೆ ಬಾಗದೆ ನೆಟ್ಟಗೆ ನಿಲ್ಲೋದು. ಆಕೆಯ ಸ್ವಭಾವಕ್ಕೆ ಸರಿಯಾಗಿತ್ತು. ಆದರೆ ವಾದ್ಯ ಗಿರಣಿಯದು. ಕೆಲಸ ಬಿಟ್ಟ ದಿನ ಒರೆಸಿ, ಪೆಟ್ಟಿಗೆಯಲ್ಲಿ ಮಲಗಿಸಿ, ವಾಪಸ್ ಕೊಟ್ಟು ಬಂದಳು. ಆಮೇಲೆ ಅದರ ಮಾತೇ ಎತ್ತಲಿಲ್ಲ. ಬೆರಳುಗಳಿಗೆ ಮಾತ್ರ ಈ ವಿಷಯ ಯಾರೂ ಹೇಳಿರಲಿಲ್ಲ. ಬಸ್ಸಿನಲ್ಲಿ ಛತ್ರಿ ಹಿಡಿದು ಕೂತರೆ ಛತ್ರಿಯ ಮೇಲೆ, ಗುಡಿಸ್ತಾ ಗುಡಿಸ್ತಾ ಟೀವಿ ಮುಂದೆ ನಿಂತುಬಿಟ್ಟರೆ ಪೊರಕೆಯ ಹಿಡಿಯ ಮೇಲೆ ಅವು ಏನೋ ನುಡಿಸ್ತಾ ಇರ್ತಿದ್ದವು. ಮದುವೆಯಾದ ಹೊಸದರಲ್ಲಿ ಸೋರಪ್ಪ ಒಂದು ಪಿವಿಸಿ ಪೈಪಿಗೆ ತೂತು ಕೊರೆದು ತಂದುಕೊಟ್ಟಿದ್ದ. ಆಕೆ ಊದಿದಳು. ಎದುರುಮನೆಯವರು ಬಂದು "ಕರು ತಂದ್ರಾ?" ಅಂತ ಕೇಳಿದರು. ಆ ಪೈಪು ಇವತ್ತಿಗೂ ಬಚ್ಚಲಲ್ಲಿ ಟವೆಲ್ ಹೊತ್ತು ನಿಂತಿದೆ.

ಕೇಳಿ ಕೊಡಿಸೋ ಹಾಗಿರಲಿಲ್ಲ. ಕೇಳಿದರೆ ಬೇಡ ಅಂತಾಳೆ. ಆಕೆಯ 'ಬೇಡ' ಅನ್ನೋದು ಹಳೇ ಕಾಲದ ವಾಲ್ವು. ಒಂದು ಸಲ ಮುಚ್ಚಿತು ಅಂದರೆ ಯಾವ ಸ್ಪ್ಯಾನರಿಗೂ ಜಗ್ಗಲ್ಲ. ಚಳಿಗೊಂದು ಕೋಟು, ಹಲ್ಲುನೋವಿಗೆ ಡಾಕ್ಟರು, ಎಲ್ಲ ಆ ವಾಲ್ವಿನ ಆಚೆಯೇ ನಿಂತಿದ್ದವು. ಅದಕ್ಕೇ ಈ ಮಹಾಯೋಜನೆ: ಗುಟ್ಟಾಗಿ ಕೊಂಡು ತರೋದು, ಪೈಪುಗಳ ಮಧ್ಯೆ ಮುಚ್ಚಿಡೋದು, ನಾಳಿದ್ದು ಆಕೆ ಕಣ್ಣುಬಿಡೋ ಹೊತ್ತಿಗೆ ಕೈಯಲ್ಲೇ ಇಟ್ಟುಬಿಡೋದು. ಕೈಗೆ ಬಂದ ಮೇಲೆ ಬೆರಳುಗಳು ಬೇಡ ಅನ್ನಲ್ಲ ಅಂತ ಅವನ ಲೆಕ್ಕ.

ವಾದ್ಯದ ಅಂಗಡಿಯಾಕೆಗೆ ಕನ್ನಡಕ ಎರಡು. ಒಂದು ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಎರಡು ಸೊಪ್ರಾನೊ ತಂದು ಮೇಜಿನ ಮೇಲಿಟ್ಟಳು. ಒಂದು ಹೊಸದು, ಫಳಫಳ. ಇನ್ನೊಂದು ಹಳೇದು, ಬಣ್ಣ ಮಾಸಿದ್ದು.

"ಊದೋರು ಯಾರು?"

"ಮನೇಲಿದಾರೆ."

"ಚಪ್ಪಲಿ ತಗೊಳ್ಳೋಕೂ ಕಾಲು ಜೊತೇಲಿ ತರ್ತಾರಪ್ಪ. ನೀವು ತುಟೀನೇ ಮನೇಲಿ ಬಿಟ್ಟು ಬಂದಿದೀರಲ್ಲ!"

"ಗುಟ್ಟು ಮೇಡಂ. ನೀವೇ ಊದಿ ತೋರಿಸಿ."

ಆಕೆ ಎರಡನ್ನೂ ಊದಿದಳು. ಸೋರಪ್ಪ ಕಣ್ಣುಮುಚ್ಚಿ, ಗೋಡೆಯೊಳಗಿನ ಪೈಪಿಗೆ ಕಿವಿಗೊಡೋ ಹಾಗೆ ಕಿವಿಗೊಟ್ಟ. ಏನೂ ತಿಳೀಲಿಲ್ಲ.

"ಎರಡೂ ಒಂದೇ ಥರ ಇದೆ ಭಾವ," ಅಂದ ಬಾಮೈದ. "ಹೊಳೆಯೋದೇ ತಗೊಂಡುಬಿಡಿ."

"ಹೊಳೆಯೋ ನಲ್ಲೀನೇ ಕಣೋ ಮೊದಲು ಸೋರೋದು."

"ನನ್ನ ಕೇಳಿದ್ರೆ ಹಳೇದೇ," ಅಂದಳು ಅಂಗಡಿಯಾಕೆ. "ಹೊಸದಕ್ಕೆ ಇನ್ನೂ ಕಿರುಚಾಡೋ ವಯಸ್ಸು. ಇದು ಮಾತು ಕಲ್ತಿದೆ."

"ಸೋರಲ್ವಾ?"

"ಗಾಳಿ ಸೋರಿದ್ರೆ ದನಿ ಎಲ್ಲಿಂದ ಬರುತ್ತೆ? ಒಂಚೂರೂ ಸೋರಲ್ಲ."

ಅಷ್ಟರಲ್ಲಿ ಯಾರೋ ಗಿಟಾರಿನ ತಂತಿ ಕೇಳಿಕೊಂಡು ಬಂದರು. ಆಕೆ ಅತ್ತ ತಿರುಗಿದಳು. ಸೋರಪ್ಪ ಹಳೇದನ್ನ ಎತ್ತಿಕೊಂಡು ಮೇಲೆ ಕೆಳಗೆ ನೋಡಿದ. ಸೋರಲ್ಲ ಅಂತ ಮಾರೋರೆಲ್ಲ ಹೇಳ್ತಾರೆ. ಮನುಷ್ಯರ ಮಾತು ನಂಬಿ ಅವನು ಯಾವತ್ತೂ ಒಂದು ಗೋಡೆ ಮುಚ್ಚಿದವನಲ್ಲ. ಹೊಸ ಪೈಪು ಹಾಕಿದರೆ ಒಂದು ತುದಿ ಬಿಗಿದು, ನೀರು ತುಂಬಿ, ಕೂತು ನೋಡ್ತಾನೆ. ಹನಿ ಬೀಳದಿದ್ದರೆ ಮಾತ್ರ ಸಿಮೆಂಟು.

"ಹಿಂದ್ಗಡೆ ವಾಷ್‌ಬೇಸಿನ್ ಇದೆ," ಅಂತ ಪಿಸುಗುಟ್ಟಿದ. "ಬಾ. ನೀರು ಸುಳ್ಳು ಹೇಳಲ್ಲ."

"ಭಾವ, ಇದು ಊದೋದು, ಕುಡಿಸೋದಲ್ಲ..."

"ಪೈಪು ಅಂದ್ರೆ ಪೈಪು ಕಣೋ. ತೂತು ಮುಚ್ಚು."

ತೂತುಗಳೇನು ಒಂದೆರಡೇ? ಇಬ್ಬರ ಬೆರಳು ಒಂದರ ಮೇಲೊಂದು ಹತ್ತಿ ತೂತುಗಳ ಮೇಲಿನ ಮುಚ್ಚಳಗಳನ್ನೆಲ್ಲ ಅದುಮಿದವು. ಬೆರಳು ಸಾಲದೆ ಉಳಿದ ಒಂದು ಮುಚ್ಚಳಕ್ಕೆ ಬಾಮೈದ ಗದ್ದ ಕೊಟ್ಟ. ಸೋರಪ್ಪ ಸಣ್ಣ ತುದಿಯನ್ನ ಅಂಗೈಯಿಂದ ಬಿಗಿದು, ಅಗಲವಾದ ಬಾಯಿಯನ್ನ ನಲ್ಲಿಯ ಕೆಳಗೆ ಹಿಡಿದು, ಮೊಣಕೈಯಿಂದ ನಲ್ಲಿ ತಿರುಗಿಸಿದ. ನೀರು ಗುಳುಗುಳು ಇಳಿದು, ಅಂಚಿನವರೆಗೂ ತುಂಬಿ ನಿಂತಿತು. ಇಬ್ಬರೂ ಉಸಿರು ಹಿಡಿದರು. ಒಂದು ಹನಿ? ಇಲ್ಲ. ಎಲ್ಲೂ ಇಲ್ಲ.

ಸೋರಪ್ಪನ ಕಣ್ಣು ತುಂಬಿಬಂತು. ಇಷ್ಟು ಅಚ್ಚುಕಟ್ಟಾದ ಫಿಟ್ಟಿಂಗು ಅವನು ಜನ್ಮದಲ್ಲೇ ನೋಡಿರಲಿಲ್ಲ.

"ಇದೇ ಕಣೋ! ನಿಮ್ಮಕ್ಕನಿಗೆ ಇದೇ!"

"ಏನ್ರೀ ಮಾಡ್ತಿದೀರಾ!"

ಬಾಗಿಲಲ್ಲಿ ಅಂಗಡಿಯಾಕೆ. ತಲೆ ಮೇಲಿನ ಕನ್ನಡಕ ಜಾರಿ ಮೂಗಿನ ಮೇಲಿನದರ ಮೇಲೆ ಬಂದು ಕೂತಿತ್ತು.

"ನೀವು ಹೇಳಿದ್ದು ನಿಜ ಮೇಡಂ. ಒಂಚೂರೂ ಸೋರಲ್ಲ," ಅಂದ ಸೋರಪ್ಪ ಹೆಮ್ಮೆಯಿಂದ.

"ಆ ಮುಚ್ಚಳದ ಕೆಳಗಿರೋದು ಏನು ಗೊತ್ತಾ? ಚರ್ಮ! ತೆಳು ಚರ್ಮದ ಪ್ಯಾಡು! ನೀರು ಕುಡಿದ್ರೆ ಊದ್ಕೊಂಡು ಕೂತ್ಕೊಳ್ಳುತ್ತೆ!"

ಸೋರಪ್ಪನ ಕೈಯಲ್ಲಿ ವಾದ್ಯ ವಾಲಿ, ನೀರೆಲ್ಲ ಬೇಸಿನ್ನಿಗೆ ಇಳಿಯಿತು. ಪರೀಕ್ಷೆಯಲ್ಲಿ ಪಾಸಾದದ್ದು ಪರೀಕ್ಷೆಯಿಂದಲೇ ಫೇಲಾಗಿತ್ತು.

"ಈಗೇನ್ ಮಾಡೋದು?"

"ಒಂದೊಂದು ಪ್ಯಾಡಿನ ಕೆಳಗೂ ತೆಳು ಕಾಗದ ಇಟ್ಟು, ಮೆತ್ತಗೆ ಅದುಮಿ, ತೇವ ತೆಗೀಬೇಕು. ಈಗಲೇ. ನನಗೆ ಮುಂದ್ಗಡೆ ಗಿರಾಕಿ ಇದಾರೆ. ಈ ನಲ್ಲಿ ಕೈ ಮಾತ್ರ ಬೇಡ, ಗೊತ್ತಿರೋ ಕೈ ಬೇಕು. ಯಾರಾದ್ರೂ ಇದಾರಾ?"

ಇದ್ದಳು. ಒಬ್ಬಳೇ ಇದ್ದಳು. ಸೋರಪ್ಪ ಬಾಮೈದನ ಮುಖ ನೋಡಿದ. ಬಾಮೈದ ಆಗಲೇ ಫೋನ್ ತೆಗೆದಿದ್ದ.

ಆಕೆ ಬಂದಳು. ಮನೆ ಬಟ್ಟೆಯಲ್ಲೇ, ಅಪಘಾತ ಅಂತ ತಿಳಿದು ಒಂದೊಂದು ಕಾಲಿಗೆ ಒಂದೊಂದು ಥರ ಚಪ್ಪಲಿ ಹಾಕಿಕೊಂಡು. ಗಂಡನ ಒದ್ದೆ ಇಸ್ತ್ರಿ ಶರಟು ನೋಡಿದಳು. ಆಮೇಲೆ ಮೇಜಿನ ಮೇಲೆ ನೀರು ಬಸಿಯುತ್ತ ಮಲಗಿದ್ದನ್ನ ನೋಡಿದಳು. ತುಂಬ ಹೊತ್ತು ನೋಡಿದಳು.

"ಇದೇನಾ ನಿಮ್ಮ ಸಿಂಕು?"

"ನಾಳಿದ್ದಿಗೆ... ನಿನಗೇಂತ..." ಸೋರಪ್ಪ ತೊದಲಿದ. "ಸೋರಲ್ಲ ಕಣೇ. ಅದೊಂದು ಗ್ಯಾರಂಟಿ."

"ನೀರು ತುಂಬಿ ನೋಡಿದ್ರಾ?"

ಅವನು ತಲೆ ತಗ್ಗಿಸಿದ. ಆಕೆಯ ಬಾಯಿ ತೆರೆಯಿತು. ಅವನಿಗೆ ಗೊತ್ತಿತ್ತು ಆ ಬಾಯಿ. ಈಗ ಬರ್ತಿದೆ, 'ಬೇಡ'.

"ಈ ಸ್ಥಿತೀಲಿ ಇದನ್ನ ಬೇಡ ಅಂತ ಬಿಟ್ಟು ಹೋಗೋಕೂ ಆಗಲ್ವಲ್ರೀ," ಅಂದಳು. ಹೇಳ್ತಾ ಹೇಳ್ತಾ ನಗು ಬಂದು, ಕುರ್ಚಿ ಎಳೆದುಕೊಂಡು ಕೂತಳು. "ಕಾಗದ ಕೊಡಿ. ಚಿಕ್ಕದಾಗಿ ಹರೀರಿ. ಅಷ್ಟು ದೊಡ್ಡದಲ್ಲ, ಇದೇನು ಗೋಡೇನಾ?"

ಅವನು ಹರಿದು ಕೊಟ್ಟ. ಆಕೆ ಒಂದೊಂದೇ ಮುಚ್ಚಳ ಎತ್ತಿ, ಕಾಗದ ಇಟ್ಟು, ಜ್ವರದ ಮಗುವಿನ ಹಣೆ ಮುಟ್ಟೋ ಹಾಗೆ ಅದುಮಿದಳು. ಒದ್ದೆ ಚೂರುಗಳು ಮೇಜಿನ ಮೇಲೆ ಗುಡ್ಡೆಯಾದವು. ಬಾಮೈದ ಅಂಗಡಿಯ ಫ್ಯಾನನ್ನ ಇತ್ತ ತಿರುಗಿಸಿದ. ತಂತಿ ಕೊಳ್ಳೋಕೆ ಬಂದವರು ತಂತಿ ಮರೆತು ನಿಂತರು.

"ಪೂರ್ತಿ ಒಣಗೋಕೆ ದಿನಗಟ್ಟಲೆ ಆಗುತ್ತೆ. ಕೆಲವು ಪ್ಯಾಡು ಹೊಸದಾಗಿ ಹಾಕ್ಬೇಕು," ಅಂದಳು ಅಂಗಡಿಯಾಕೆ. "ನಾಳಿದ್ದಿಗಂತೂ ಆಗಲ್ಲ."

"ಗೊತ್ತು," ಅಂದಳು ಆಕೆ. ಹಾಗಂದರೂ ಊದುವ ತುದಿ ಸಿಕ್ಕಿಸಿ ತುಟಿಗೆ ತಂದಳು. ಮೊದಲು ಬಂದದ್ದು ಸ್ವರವಲ್ಲ, ಹಾಳು ನಲ್ಲಿಯ ಗೊರಗೊರ. ನಗು ತಡೆದುಕೊಂಡು ಮತ್ತೆ ಊದಿದಳು. ಅರ್ಧ ಮುಚ್ಚಳಗಳು ಅಂಟಿಕೊಂಡಿದ್ದವು. ಅಂಟದೆ ಉಳಿದವುಗಳ ಮೇಲೆ ಬೆರಳುಗಳು ತಾವೇ ದಾರಿ ಹುಡುಕಿಕೊಂಡು, ಬಸ್ಸಿನ ಛತ್ರಿಯ ಮೇಲೆ ಓಡಾಡ್ತಿದ್ದ ಹಾಗೇ ಓಡಾಡಿದವು. ಈ ಸಲ ಕೇಳಿಸ್ತಿತ್ತು.

ವಾದ್ಯದ ಬಾಯಿಂದ ಒಂದು ಹನಿ ಇಳಿದು ಸೋರಪ್ಪನ ಬೂಟಿನ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು. ಎಲ್ಲಿಂದ ಸೋರ್ತಿದೆ ಅಂತ ಅವನು ಬಗ್ಗಿ ನೋಡಲಿಲ್ಲ.