ಮೇನ್ ಸ್ವಿಚ್ಚಿನ ಮೂರನೆಯ ತಂತಿ

ಹೊಸ ಮೇನ್ ಸ್ವಿಚ್ಚು ಮೂರನೆಯ ಸಲ ಟಪ್ಪೆಂದು ಬಿದ್ದಾಗ ಕೇಶರಬಾಯಿಯ ಸೊಸೆ ಸಪ್ನಾ ಬಾಗಿಲಲ್ಲಿ ನಿಂತು ನಕ್ಕೇಬಿಟ್ಟಳು.

"ಮಿಸ್ತ್ರಿ ಕಾಕಾ, ನಿಮ್ಮ ಹೊಸಾ ಡಬ್ಬಿ ಕಣ್ಣ ಹೊಡ್ಯಾಕತ್ತದಲ್ರಿ! ಯಾರ ಮ್ಯಾಲ ಮನಸಾಗ್ಯಾದ, ಜರಾ ಕೇಳ್ರಿ."

ಮಚ್ಚೇಂದ್ರ ನಗಲಿಲ್ಲ. ಹೆಗಲ ಮೇಲಿನ ಟಾವೆಲಿನಿಂದ ಕುತ್ತಿಗೆ ಒರೆಸಿಕೊಂಡು, ಸ್ಟೂಲಿನ ಮೇಲೆ ನಿಂತಿದ್ದ ಮಗಳು ಧನಶ್ರೀಯ ಕಡೆ ನೋಡಿದ. "ಸ್ಕ್ರೂ ಬಿಗಿ ಅದನೇನ್ ನೋಡು," ಎಂದ. ಸ್ಕ್ರೂ ಬಿಗಿಯಾಗಿಯೇ ಇತ್ತು. ಅದು ಅವನಿಗೂ ಗೊತ್ತಿತ್ತು.

ಅಪ್ಪ ಮಗಳು ಬೆಳಿಗ್ಗೆ ಹುಮನಾಬಾದಿನಿಂದ ಮೊದಲ ಬಸ್ಸಿಗೇ ಬಸವಕಲ್ಯಾಣಕ್ಕೆ ಬಂದಿದ್ದರು. ಸಕ್ಕರೆ ಕಾಯಿಲೆ ಮಚ್ಚೇಂದ್ರನ ಕಣ್ಣು ಮುಕ್ಕಾಲು ತಿಂದು ಎರಡು ವರ್ಷವಾಗಿತ್ತು. ಅಂದಿನಿಂದ ಕೈಕೆಲಸ ಧನಶ್ರೀಯದು, ಮಾತು ಅವನದು. ಮನೆಯವರ ಎದುರು ಅವನು ಟೆಸ್ಟರ್ ಹಿಡಿದು "ಹಾಂ, ಬಿಗಿ ಮಾಡು, ಅಲ್ಲಿ ಹಿಡಿ" ಎನ್ನುತ್ತಿದ್ದ. ನೋಡಿದವರು ಅವಳನ್ನು ಕೈಗೆ ಸಾಮಾನು ಕೊಡುವವಳು ಎಂದುಕೊಳ್ಳುತ್ತಿದ್ದರು. ಧನಶ್ರೀಗೆ ಅದು ಒಗ್ಗಿತ್ತು. ಎಂಟನೆಯ ತರಗತಿಯಲ್ಲಿ ಎದ್ದು ನಿಂತು ಪಾಠ ಓದು ಎಂದಾಗ ಅಕ್ಷರ ಕಣ್ಣಿಗೆ ಕಾಣುತ್ತಿತ್ತು, ಗಂಟಲು ಮಾತ್ರ ಕಟ್ಟಿಕೊಳ್ಳುತ್ತಿತ್ತು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ ಮರುದಿನದಿಂದ ಅವಳು ಶಾಲೆಯ ಕಡೆ ತಲೆ ಹಾಕಲಿಲ್ಲ. ತಂತಿಗಳ ಮುಂದೆ ಬಾಯಿ ತೆರೆಯುವ ಗೊಡವೆಯಿರಲಿಲ್ಲ. ನೋಡಿದರೆ ಸಾಕಾಗಿತ್ತು.

ಈಗಲೂ ಅವಳು ನೋಡುತ್ತಿದ್ದಳು. ಹಳೆಯ ಕಟ್ಟಿಗೆಯ ಬೋರ್ಡು, ಚೀನಿ ಮಣ್ಣಿನ ಫ್ಯೂಜುಗಳು ನೆಲದ ಮೇಲೆ ಬಿದ್ದಿದ್ದವು. ಆ ಜಾಗದಲ್ಲಿ ಬಿಳಿ ಡಬ್ಬಿ ಕೂತಿತ್ತು. ಅದರ ಮೇನ್ ಸ್ವಿಚ್ಚು ಹಳೆಯದರಂಥದ್ದಲ್ಲ. ಹೋದ ಕರೆಂಟು ಹೋದಷ್ಟೇ ತಿರುಗಿ ಬಂತೋ ಇಲ್ಲವೋ ಎಂದು ಅದು ಎರಡೂ ತಂತಿಗಳನ್ನು ಕಾಯುತ್ತಿರುತ್ತದೆ. ಎಲ್ಲೋ ಚೂರು ಸೋರಿ ನೆಲಕ್ಕಿಳಿದರೂ ಬಿದ್ದುಬಿಡುತ್ತದೆ. ಸೋರುವುದು ಮನುಷ್ಯರ ಮೈ ಮೂಲಕವಾದರೂ ಅಷ್ಟೇ. ಸಪ್ನಾ ಫ್ರಿಜ್ಜಿನ ಜೊತೆಗೆ ಹಟ ಹಿಡಿದು ಅದನ್ನು ತರಿಸಿದ್ದೇ ಅದಕ್ಕೆ.

ಮೀಟರಿನಿಂದ ಬಂದದ್ದು ಎರಡು ತಂತಿ. ಆದರೆ ಮನೆಯ ನ್ಯೂಟ್ರಲ್, ಅಂದರೆ ಕರೆಂಟು ತಿರುಗಿ ಹೋಗುವ, ತಂತಿಗಳೆಲ್ಲ ಸೇರುವ ಹಿತ್ತಾಳೆಯ ಪಟ್ಟಿಗೆ, ಹಳೆಯ ಬೋರ್ಡಿನಲ್ಲಿದ್ದ ಹಾಗೆಯೇ, ಇನ್ನೊಂದು ಕರಿ ತಂತಿ ಸೇರಿತ್ತು. ಅಪ್ಪ "ಅದನ್ನೂ ಅಲ್ಲೇ ಹಾಕು" ಎಂದಿದ್ದ, ಅವಳು ಹಾಕಿದ್ದಳು. ಆ ತಂತಿ ಗೋಡೆಯ ತೂತಿನಿಂದ ಹೊರಗೆ ಹೋಗಿತ್ತು. ಧನಶ್ರೀ ಕಿಟಕಿಯಿಂದ ಬಗ್ಗಿ ನೋಡಿದಳು. ತಂತಿ ಗೋಡೆಗುಂಟ ಇಳಿದು, ಹಿತ್ತಲಲ್ಲಿ ನೆಲಕ್ಕೆ ಹೊಡೆದ ಕಬ್ಬಿಣದ ರಾಡಿಗೆ ಸುತ್ತಿಕೊಂಡಿತ್ತು. ಸುತ್ತಲಿನ ಮಣ್ಣು ಹಸಿಯಾಗಿತ್ತು.

ತಿರುಗಿ ಹೋಗುವ ಕರೆಂಟು ಒಂದಿಷ್ಟು ಮೀಟರಿಗೆ ಹೋಗುತ್ತಿತ್ತು, ಒಂದಿಷ್ಟು ನೆಲಕ್ಕೆ. ಸ್ವಿಚ್ಚು ಬೀಳದೆ ಇನ್ನೇನು ಮಾಡೀತು?

"ಅಪ್ಪಾ," ಎಂದಳು ಮೆಲ್ಲಗೆ, "ಆ ಕರೀ ತಂತಿ..."

ಮಚ್ಚೇಂದ್ರನ ಮುಖ ಒಮ್ಮೆಲೇ ಬಿಗಿದುಕೊಂಡಿತು. ಅವನು ಸಪ್ನಾಳ ಕಡೆ ತಿರುಗಿದ. "ಈ ಸ್ವಿಚ್ಚೇ ಖರಾಬ ಅದವಾ. ಡಿಫೆಕ್ಟ್ ಪೀಸ್. ನನ್ನ ಚೀಲದಾಗ ಸಾದಾ ಮೇನ್ ಅದ, ಅದನ್ನ ಹಾಕಿ ಕೊಡ್ತೇನಿ. ಇದನ್ನ ಅಂಗಡಿಗೆ ವಾಪಸ್ ಮಾಡ್ತೇನಿ."

"ನೋಡಿದೇನ್ ಸಪ್ನಾ? ಹೊಸಾದ್ ತಂದ್ರ ಹಿಂಗ," ಎಂದಳು ಕೇಶರಬಾಯಿ ಒಳಗಿನಿಂದ.

ಧನಶ್ರೀ ಸಾದಾ ಸ್ವಿಚ್ಚನ್ನು ಹಾಕಿದಳು. ಅದು ಬೀಳಲಿಲ್ಲ. ಬೀಳುವುದು ಅದಕ್ಕೆ ಗೊತ್ತೇ ಇರಲಿಲ್ಲ. ಫ್ಯಾನು ತಿರುಗಿತು, ಫ್ರಿಜ್ಜು ಗುಂಯ್ಯೆಂದಿತು.

ಕೇಶರಬಾಯಿ ಇಬ್ಬರನ್ನೂ ಕೂಡಿಸಿ ರೊಟ್ಟಿ, ಪುಂಡಿ ಪಲ್ಯೆ ಬಡಿಸಿದಳು. ಧನಶ್ರೀಯ ತಾಟಿಗೆ ಕೇಳದೆಯೇ ಬೆಣ್ಣೆ ಹಾಕಿದಳು. "ಈ ಮನಿಗಿ ಲೈಟ್ ತಂದವ ನಿಮ್ಮಪ್ಪ, ಗೊತ್ತದನು? ಮೊದ್ಲ ಇಲ್ಲಿ ಬಲ್ಬ್ ಹತ್ತಿದ್ರೂ ಅಷ್ಟ, ಹತ್ತಲಿದ್ರೂ ಅಷ್ಟ. ಇವ ಬಂದು ಹಿತ್ತಲದಾಗ ರಾಡ್ ಹೊಡದ. ಗಿಡಕ್ಕ ಹಾಕ್ದಂಗ ದಿನಾ ಒಂದು ಕೊಡ ನೀರ್ ಹಾಕ್ರಿ ಬಾಯಿ, ಲೈಟ್ ಚಕಚಕ ಅಂತಾವ ಅಂದ. ಹನ್ನೆರಡ ವರ್ಷಾತು, ಒಂದಿನಾನೂ ತಪ್ಪಿಸಿಲ್ಲ."

"ಸಂಪಿಗಿ ಗಿಡಕ್ಕರ ಇಷ್ಟ ಹಾಕಿದ್ರ ಹೂವರ ಬಿಡ್ತಿತ್ತು," ಎಂದಳು ಸಪ್ನಾ.

"ನೀ ಸುಮ್ಕಿರಲೇ. ಈ ನಡುವ ನೀರ್ ಹಾಕುವಾಗ ಕಾಲಾಗ ಝುಂ ಅಂತದ ಮಚ್ಚೇಂದ್ರ. ವಯಸ್ಸಾತಲ್ಲ."

ಮಚ್ಚೇಂದ್ರ ತಾಟಿನಿಂದ ಕಣ್ಣೆತ್ತದೆ, "ಹೌದ್ರಿ, ಸಂಧಿ ನೋವು," ಎಂದ.

ಧನಶ್ರೀ ತಾಟಿನಿಂದ ತಲೆಯೆತ್ತಿದಳು. ಬಾಗಿಲ ಬಳಿ ಕೇಶರಬಾಯಿಯ ಚಪ್ಪಲಿಗಳಿದ್ದವು, ಸವೆಯದ ಚಪ್ಪಲಿ. ಮುದುಕಿ ಹಿತ್ತಲಿಗೆ ಹೋಗುವುದು ಬರಿಗಾಲಲ್ಲಿ. ಕಂಬದ ನ್ಯೂಟ್ರಲ್ ಒಂದು ದಿನ ಸಡಿಲಾದರೆ ಸಾಕು, ಮನೆಯ ಕರೆಂಟೆಲ್ಲ ಆ ರಾಡಿಗೇ ಬರುತ್ತದೆ. ಹಿಡಿದು ನಿಲ್ಲಿಸಬೇಕಾದ ಸ್ವಿಚ್ಚು ಅವಳ ಚೀಲದಲ್ಲಿತ್ತು. ಹೇಳು, ಈಗಲೇ ಹೇಳು ಎಂದು ತನಗೆ ತಾನೇ ಅಂದುಕೊಂಡಳು. ಎಂಟನೆಯ ತರಗತಿಯಲ್ಲಿ ಎದ್ದು ನಿಂತಾಗಿನಂತೆ ಮಾತು ಮಾತ್ರ ಹೊರಬರಲಿಲ್ಲ. ಅವಳು ಬೆಣ್ಣೆ ಹಚ್ಚಿದ ರೊಟ್ಟಿಯನ್ನು ತಿಂದು ಮುಗಿಸಿದಳು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಮಾತು ಹೊರಬಂತು.

"ಅಪ್ಪಾ, ಸ್ವಿಚ್ ಚಲೋ ಅದ."

"ಗೊತ್ತದ."

"ಮತ್ತ ಆಕಿ ಕಾಲಾಗ..."

"ಗೊತ್ತದ ಅಂದ್ನಲ್ಲ!" ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು. ಮಚ್ಚೇಂದ್ರ ದನಿ ತಗ್ಗಿಸಿದ. "ಆಗ ಲೈನಿನ ನ್ಯೂಟ್ರಲ್ಲೇ ಸರಿ ಇರಲಿಲ್ಲ. ರಾಡ್ ಹೊಡದು ಅದನ್ನೇ ನ್ಯೂಟ್ರಲ್ ಮಾಡಿ ಕೊಟ್ಟೆ. ಎಲ್ಲಾರೂ ಮಾಡತಿದ್ರು. ಆ ಮ್ಯಾಲ ಲೈನ್ ಸುಧಾರ್ಸ್ತು, ತಂತಿ ಬಿಚ್ಚೋದು ಉಳೀತು. ಆ ಗಲ್ಯಾಗ ಎಷ್ಟ ಮನಿ ಮಾಡೀನಿ, ಗೊತ್ತದನು? ಒಂದ ಮನ್ಯಾಗ ಹೇಳಿದ್ರ ಎಲ್ಲಾ ಮನ್ಯಾಗ ಹೇಳ್ಬೇಕು. ಆ ಮ್ಯಾಲ ಯಾವ ಮುಖ ತೊಗೊಂಡು ಈ ಊರಿಗೆ ಬರ್ಲಿ?"

ಅಪ್ಪನ ಮುಖ ನೋಡಲು ಧನಶ್ರೀಗೆ ನಾಚಿಕೆಯಾಯಿತು. ನಾಚಿಕೆಯಾಯಿತಲ್ಲ ಎಂದು ಮತ್ತೂ ನಾಚಿಕೆಯಾಯಿತು. ಹಾಗೆ ನೋಡಿದರೆ ಅವನು ಹನ್ನೆರಡು ವರ್ಷದ ಹಿಂದೆ ಮಾಡಿದ್ದ. ಅವಳು ಮಾಡಿದ್ದು ಈಗ, ತಾಸಿನ ಹಿಂದೆ, ಎಲ್ಲ ತಿಳಿದೂ, ತನ್ನ ಕೈಯಾರೆ.

ಹುಮನಾಬಾದ್ ಬಸ್ಸು ಬಂತು. ಮಚ್ಚೇಂದ್ರ ಕಂಬಿ ತಡವಿ ಹಿಡಿದು ಹತ್ತಿದ. ಒಳಗಿಂದ "ಬಾ" ಎಂದ. ಧನಶ್ರೀ ಚೀಲವನ್ನು ಎದೆಗವಚಿಕೊಂಡು ಕೆಳಗೇ ನಿಂತಳು. "ಏ ತಂಗಿ, ಹತ್ತತಿ ಇಲ್ಲೋ?" ಎಂದ ಕಂಡಕ್ಟರ್. ಅವಳು ಇಲ್ಲವೆಂದು ತಲೆಯಾಡಿಸಿದಳು. ಮಚ್ಚೇಂದ್ರ ಕಿಟಕಿಯಿಂದ ಅವಳು ನಿಂತ ಕಡೆಗೆ ನೋಡಿದ. ಇಳಿಯಲಿಲ್ಲ. ಬಸ್ಸು ಹೋಯಿತು.

ಕೇಶರಬಾಯಿಯ ಮನೆಗೆ ತಿರುಗಿ ಬಂದಾಗ ಬಾಗಿಲು ತೆರೆದವಳು ಸಪ್ನಾ. "ಏನ್ ಮರ್ತೀ ತಂಗಿ? ಪಕ್ಕಡನೋ, ಸ್ಕ್ರೂಡ್ರೈವರನೋ?"

"ಇಲ್ರಿ ಅಕ್ಕಾ. ಆ ಮೇನ್ ತಪ್ಪ ಆಗ್ಯಾದ. ತೆಗದು ಹಾಕ್ತೇನಿ."

ಸಪ್ನಾ ಹುಬ್ಬೇರಿಸಿ ದಾರಿ ಬಿಟ್ಟಳು. ಧನಶ್ರೀ ಮೀಟರಿನ ಹತ್ತಿರದ ಫ್ಯೂಜು ಕಿತ್ತಿಟ್ಟಳು, ಟೆಸ್ಟರ್ ಹಚ್ಚಿ ಎರಡು ಸಲ ನೋಡಿದಳು. ಮೊದಲು ಆ ಕರಿ ತಂತಿಯನ್ನು ಪಟ್ಟಿಯಿಂದ ಬಿಚ್ಚಿ ಬೇರೆ ಇಟ್ಟಳು. ಫ್ಯೂಜು ತಿರುಗಿ ಹಾಕಿ, ಮೀಟರಿನ ಎರಡು ತಂತಿಗಳಿಗೆ ಬಲ್ಬು ಹಿಡಿದಳು. ಪೂರ್ತಿ ಹತ್ತಿತು. ಲೈನಿನ ನ್ಯೂಟ್ರಲ್ ಗಟ್ಟಿಯಿತ್ತು, ನೆಲದ ಹಂಗು ಈ ಮನೆಗೆ ಬೇಕಿರಲಿಲ್ಲ. ಮತ್ತೆ ಫ್ಯೂಜು ಕಿತ್ತು ಸಾದಾ ಸ್ವಿಚ್ಚನ್ನು ತೆಗೆದಳು. ಚೀಲದಲ್ಲಿದ್ದುದನ್ನು ಕೂಡಿಸಿ, ಮೀಟರಿನ ಎರಡೂ ತಂತಿ ಮೇಲಿನ ಬಾಯಿಗೆ, ಮನೆಯ ಎರಡೂ ತಂತಿ ಕೆಳಗಿನ ಬಾಯಿಗೆ ಕೊಟ್ಟು ಬಿಗಿದಳು. ರಾಡಿನ ತಂತಿಯನ್ನು ಅರ್ಥಿಂಗಿನ ಪಟ್ಟಿಗೆ, ಅದು ಇರಬೇಕಾದ ಜಾಗಕ್ಕೆ ಕಟ್ಟಿದಳು. ಏನು ಮಾಡು, ಎಲ್ಲಿ ಹಿಡಿ ಎಂದು ಯಾರೂ ಹೇಳಲಿಲ್ಲ.

ಸ್ವಿಚ್ಚು ಮೇಲೆತ್ತಿದಳು. ನಿಂತಿತು. ಫ್ಯಾನು, ಫ್ರಿಜ್ಜು, ಮಿಕ್ಸರು ಎಲ್ಲ ಹಾಕಿದರೂ ನಿಂತೇ ಇತ್ತು. ಪರೀಕ್ಷೆಯ ಗುಂಡಿ ಒತ್ತಿದಳು. ಬೀಳಬೇಕಾದ ಹಾಗೆಯೇ ಟಪ್ಪೆಂದು ಬಿತ್ತು, ಮತ್ತೆ ಮೇಲೆತ್ತಿದಳು.

"ಕಾಕಾ ಡಿಫೆಕ್ಟ್ ಅಂದಿದ್ರಲ್ಲ?" ಸಪ್ನಾಳ ದನಿಯಲ್ಲಿ ಈಗ ನಗುವಿರಲಿಲ್ಲ. "ಆ ತಂತಿ ಏನದು?"

ಹಿತ್ತಲ ಬಾಗಿಲಲ್ಲಿ ಕೇಶರಬಾಯಿ ನಿಂತಿದ್ದಳು. ನನ್ನದೇ ತಪ್ಪು, ತಂತಿ ಅದಲು ಬದಲಾಗಿತ್ತು ಎಂದು ಹೇಳಿಬಿಡಬಹುದಿತ್ತು. ದಾರಿಯುದ್ದಕ್ಕೂ ಧನಶ್ರೀ ಅದನ್ನೇ ಕೂಡಿಸಿಕೊಂಡು ಬಂದಿದ್ದಳು. ಆದರೆ ಹಾಗಂದರೆ ಮುದುಕಿಗೆ ತನ್ನ ಕಾಲಿನ ಝುಮ್ಮು ಏನೆಂದು ಎಂದೂ ತಿಳಿಯುತ್ತಿರಲಿಲ್ಲ.

"ಆಯಿ, ನಿಮ್ಮ ಕಾಲಾಗ ಆಗೋದು ಸಂಧಿ ನೋವಲ್ರಿ. ಕರೆಂಟ್. ಆ ರಾಡಿಗೆ ಕರೆಂಟ್ ಬರ್ತಿತ್ತು. ನಮ್ಮಪ್ಪ ಕಟ್ಟಿದ್ದು. ಈಗ ಬಿಚ್ಚೀನಿ."

ಕೇಶರಬಾಯಿ ಹೊಸ್ತಿಲ ಮೇಲೆ ಕೂತಳು. ತನ್ನ ಪಾದಗಳನ್ನು ನೋಡಿಕೊಂಡಳು.

"ನಾ ರೊಟ್ಟಿ ಹಾಕುವಾಗ ನಿನಗ ಗೊತ್ತಿತ್ತೇನ?"

"ಗೊತ್ತಿತ್ರಿ."

"ಗೊತ್ತಿದ್ದೂ ಉಂಡೆ?"

"ಉಂಡ್ನಿರಿ."

ಸಪ್ನಾ ಏನೋ ಅನ್ನಲು ಹೋದಳು. ಕೇಶರಬಾಯಿ ಕೈಯೆತ್ತಿ ತಡೆದಳು. ಬೈದಿದ್ದರೆ ಧನಶ್ರೀಗೆ ಹಗುರಾಗುತ್ತಿತ್ತು. ಮುದುಕಿ ಬೈಯಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡಳು. "ಪಾರ್ವತಿಬಾಯಿ ಮನಿ ಲೈಟೂ ಅವನೇ ಮಾಡ್ಯಾನ. ಅಲ್ಲೂ ಹಿಂಗೇ ಅದನು?"

"ಇರಬೇಕ್ರಿ."

"ನಡಿ ಮತ್ತ. ನೀನ ಹೇಳು. ನಾ ಹೇಳಂಗಿಲ್ಲ."

ಗಲ್ಲಿಯಲ್ಲಿ ಮುದುಕಿ ಮುಂದೆ, ಚೀಲ ಹೊತ್ತ ಹುಡುಗಿ ಹಿಂದೆ. ಕಟ್ಟೆಯ ಮೇಲೆ ಕೂತ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಧನಶ್ರೀಯ ಫೋನು ರಿಂಗಾಯಿತು. ಅಪ್ಪ.

"ಹೇಳಿದೇನು?"

"ಹೇಳೀನಿ. ಈಗ ಪಾರ್ವತಿಬಾಯಿ ಮನಿಗಿ ಹೊಂಟೀನಿ."

ಬಸ್ಸಿನ ಸದ್ದು, ಯಾರದೋ ಕೆಮ್ಮು, ಮತ್ತೆ ಬಸ್ಸಿನ ಸದ್ದು.

"ಆಕಿ ಮನ್ಯಾಗ ತಂತಿ ಬಚ್ಚಲ ಗ್ವಾಡಿ ಹಿಂದ ಅದ," ಎಂದ ಮಚ್ಚೇಂದ್ರ. ದನಿ ಒಡೆದಂತಿತ್ತು. "ಅದರ ಜಾಯಿಂಟ್ ಕೆಟ್ಟದ. ಮೇನ್ ಬಂದ್ ಮಾಡಲಾರದ ಮುಟ್ಟಬ್ಯಾಡ."

ಪಾರ್ವತಿಬಾಯಿ ಬಾಗಿಲು ತೆರೆದು, ಗುರುತು ಹತ್ತದೆ ಅವಳನ್ನು ಮೇಲೆ ಕೆಳಗೆ ನೋಡಿದಳು. "ಯಾರವಾ ನೀ?"

ಕೇಶರಬಾಯಿ ಪಕ್ಕಕ್ಕೆ ಸರಿದು ನಿಂತಳು.

"ಮಚ್ಚೇಂದ್ರ ಮಿಸ್ತ್ರಿ ಮಗಳ್ರಿ," ಎಂದಳು ಧನಶ್ರೀ. ಕಿವಿಯವರೆಗೂ ಮುಖ ಉರಿಯುತ್ತಿತ್ತು. "ನಮ್ಮಿಂದ ಒಂದು ತಪ್ಪಾಗ್ಯಾದರಿ."