ಕರಿ ಕೊರಕಲಿಗೆ ಬೆನ್ನು ತಿರುಗಿಸಿದ ಕೊರ್ಬಿನಿಯಾನ್

ನಮ್ಮ ಕಣಿವೆಯ ಮನೆಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. "ಈ ಬೆಟ್ಟ ನನಗೆ ಗೊತ್ತಿಲ್ವಾ? ಹುಟ್ಟಿದಾಗಿಂದ ನೋಡ್ತಿದೀನಿ" ಎನ್ನುವವರು. ಯಾರು ಏನು ಹೇಳಿದರೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವರು. ನಿಮ್ಮ ಮನೆಯಲ್ಲಿ ಅವರು ಯಾರು ಅಂತ ನಿಮಗೇ ಗೊತ್ತು. ಸ್ಟೈನ್‌ಬಾಖ್ ಹಳ್ಳಿಯಲ್ಲಿ ಅವರ ಹೆಸರು ಕೊರ್ಬಿನಿಯಾನ್.

ಕೊರ್ಬಿನಿಯಾನ್ ಹಿಮದ ಮೇಲೆ ಜಾರುವುದನ್ನು ಸ್ಕೀ ಶಾಲೆಯಲ್ಲಿ ಕಲಿಸಿ ಕಲಿಸಿ ಮುದುಕನಾದ ಮನುಷ್ಯ. ಕೇಬಲ್ ಕಾರಿನ ಮೇಲಿನ ನಿಲ್ದಾಣದ ಪಕ್ಕದಲ್ಲೇ ಕರಿ ಕೊರಕಲು ಬಾಯಿ ತೆರೆಯುತ್ತದಲ್ಲ, ಆ ಕಡಿದಾದ ಇಳಿಜಾರೆಂದರೆ ಅವನಿಗೆ ಪ್ರಾಣ. ಅಲ್ಲಿ ಯಂತ್ರ ಹಿಮ ಸವರುವುದಿಲ್ಲ, ಯಾರೂ ಗುರುತಿನ ಕೋಲು ನೆಡುವುದಿಲ್ಲ. ಎದೆಗಾರಿಕೆ ಇದ್ದವರು ಮಾತ್ರ ಇಳಿಯುತ್ತಾರೆ. ವರ್ಷಾವರ್ಷ ಮಾರ್ಚ್ ತಿಂಗಳ ಸಂತ ಜೋಸೆಫರ ಹಬ್ಬದ ಬೆಳಿಗ್ಗೆ ಕೊರ್ಬಿನಿಯಾನ್ ಮತ್ತು ಅವನ ಗೆಳೆಯ ವೆಂಡೆಲಿನ್ ಅಲ್ಲಿಂದ ಜೋಡಿಯಾಗಿ ಇಳಿಯುತ್ತಿದ್ದರು. ಒಬ್ಬನ ಬೆನ್ನಿಗೇ ಇನ್ನೊಬ್ಬ. ಒಬ್ಬ ಎಡಕ್ಕೆ ತಿರುಗಿದರೆ ಇನ್ನೊಬ್ಬ ಬಲಕ್ಕೆ. ಕೆಳಗಿನಿಂದ ನೋಡಿದರೆ ಹಿಮದ ಮೇಲೆ ಉದ್ದಕ್ಕೂ ಜಡೆ ಹೆಣೆದ ಹಾಗೆ ಗೆರೆ ಬಿದ್ದಿರುತ್ತಿತ್ತು. ಊರಿನವರು ಚರ್ಚಿನಿಂದ ಹೊರಗೆ ಬಂದವರೇ ಆ ಜಡೆ ನೋಡಿ, "ಈ ವರ್ಷವೂ ಮುಗಿಸಿದರಪ್ಪ" ಎನ್ನುತ್ತಿದ್ದರು.

ಎಂಥ ದಿನಗಳು ಅವು! ಕೇಬಲ್ ಕಾರ್ ಇರಲಿಲ್ಲ. ಮರದ ಸ್ಕೀ, ಹತ್ತುವಾಗ ಜಾರದಂತೆ ಅದರ ಅಡಿಗೆ ಕಟ್ಟಿಕೊಂಡ ಸೀಲ್ ಚರ್ಮ, ಜೇಬಿನಲ್ಲಿ ಒಣಗಿಸಿದ ಪಿಯರ್ ಹಣ್ಣು. ಹಿಂದಿನ ಸಂಜೆ ಒಲೆಯ ಹತ್ತಿರ ಕೂತು ಸ್ಕೀಗೆ ಮೇಣ ಹಚ್ಚುತ್ತಿದ್ದರೆ ಮನೆಯೆಲ್ಲ ಅದರ ವಾಸನೆ. ಸೊಂಟಕ್ಕೆ ಉದ್ದನೆಯ ಕೆಂಪು ಹಗ್ಗ ಕಟ್ಟಿಕೊಂಡು, ಅದನ್ನು ಬಾಲದ ಹಾಗೆ ಹಿಂದೆ ಬಿಟ್ಟುಕೊಂಡು ಇಳಿಯುತ್ತಿದ್ದರು. ಹಿಮ ಕುಸಿದು ಮುಚ್ಚಿದರೂ ಹಗ್ಗ ಮೇಲೆ ತೇಲುತ್ತದೆ, ಅದನ್ನು ಹಿಡಿದು ಹುಡುಕಬಹುದು ಎಂಬ ಲೆಕ್ಕ. ಆ ಹಗ್ಗವನ್ನು ಕೊರ್ಬಿನಿಯಾನನ ಸೊಂಟಕ್ಕೆ ಮೊದಲ ಸಲ ಕಟ್ಟಿದವನು ಅವನ ಅಪ್ಪ.

ವೆಂಡೆಲಿನ್ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಕೊರ್ಬಿನಿಯಾನನ ಎರಡೂ ಮಂಡಿ ಸವೆದುಹೋಗಿದ್ದವು. ಈಸ್ಟರ್ ಕಳೆದ ಮೇಲೆ ಆಪರೇಷನ್. ಆಮೇಲೆ ಕರಿ ಕೊರಕಲಿನ ಆಸೆ ಬಿಡಬೇಕು ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಹಾಗಾಗಿ ಈ ಹಬ್ಬಕ್ಕೆ ಕೊನೆಯ ಸಲ ಇಳಿಯಬೇಕು, ವೆಂಡೆಲಿನ್ ಜಾಗದಲ್ಲಿ ಮಗಳು ಅಫ್ರಾ ಬರಬೇಕು ಎಂಬುದು ಅವನ ಆಸೆ.

ಅಫ್ರಾ ಒಪ್ಪಿದಳು. ಆದರೆ ಒಂದು ಷರತ್ತು ಹಾಕಿದಳು.

"ಬರ್ತೀನಪ್ಪ. ಆದರೆ ನೀನು ಎದೆಗೆ ಬೀಪ್ ಯಂತ್ರ ಕಟ್ಕೋಬೇಕು. ಹಿಮದಡಿ ಸಿಕ್ಕಿದ್ರೂ ಅದರ ಸಂಕೇತ ಹಿಡಿದು ಹುಡುಕಬಹುದು. ಬೆನ್ನಿಗೆ ಸಲಿಕೆ, ಚುಚ್ಚುಕೋಲು ಎರಡೂ ಇರಬೇಕು."

"ಅದೆಲ್ಲ ಬೊಗಳೆ ಕಣೇ. ನನ್ನ ಹಗ್ಗ ಇಲ್ವಾ?"

"ಹಗ್ಗ ಮ್ಯೂಸಿಯಂನಲ್ಲಿ ಇಡೋದು ಈಗ."

"ಹಾಗಾದ್ರೆ ನನ್ನನ್ನೂ ಅಲ್ಲೇ ಇಟ್ಟುಬಿಡು!"

ಅಷ್ಟೊತ್ತಿಗೆ ಪಕ್ಕದ ಮನೆಯ ರೋಸ್ವಿತಾ ಬಾಗಿಲಿಗೆ ಬಂದಳು. ಅವಳು ಬೇಕರಿ ನಡೆಸುತ್ತಾಳೆ, ಊರಿನ ಪರ್ವತ ರಕ್ಷಣಾ ಪಡೆಯಲ್ಲೂ ಇದ್ದಾಳೆ. ಜಗಳ ಇಡೀ ಅಂಗಳಕ್ಕೆ ಕೇಳಿಸಿತ್ತು.

"ಕೊರ್ಬಿಯಣ್ಣ, ಹಗ್ಗದ ಮೇಲೆ ಅಷ್ಟು ನಂಬಿಕೆ ಇದ್ರೆ ಪರೀಕ್ಷೆ ಮಾಡೋಣ ಬಾ. ನಿನ್ನ ಕೊಟ್ಟಿಗೆ ಸೂರಿನ ಮೇಲೆ ಹಿಮ ಜಾರೋಕೆ ಕಾಯ್ತಾ ಕೂತಿದೆ."

"ಮಾಡೋಣ! ನೀನು ಸೋತರೆ ಒಂದು ವಾರ ಬಿಟ್ಟಿ ಬ್ರೆಡ್ ಕೊಡ್ತೀಯಾ?"

"ಒಂದು ತಿಂಗಳು ಕೊಡ್ತೀನಿ."

ಕೊರ್ಬಿನಿಯಾನ್ ಒಂದು ಆಲೂಗಡ್ಡೆ ಮೂಟೆಗೆ ಕೆಂಪು ಹಗ್ಗ ಕಟ್ಟಿದ. ರೋಸ್ವಿತಾ ಇನ್ನೊಂದು ಮೂಟೆಯೊಳಗೆ ತನ್ನ ಬೀಪ್ ಯಂತ್ರ ಆನ್ ಮಾಡಿ ಇಟ್ಟಳು. ಅಟ್ಟದ ಕಿಂಡಿಯಿಂದ ಎರಡನ್ನೂ ಸೂರಿನ ಹಿಮದ ಮೇಲೆ ಕೂರಿಸಿ, ಉದ್ದ ಕೋಲಿನಿಂದ ತಿವಿದರು. ಧಡಾರ್! ಸೂರಿನ ಹಿಮವೆಲ್ಲ ಒಂದೇ ಏಟಿಗೆ ಹಿತ್ತಲಿಗೆ ಬಂತು. ಮನೆಯ ಗೋಡೆ ನಡುಗಿತು.

ಕೊರ್ಬಿನಿಯಾನ್ ಕೆಳಗಿಳಿದು ನೋಡಿದ. ಬೆಳ್ಳನೆಯ ಗುಡ್ಡೆ. ಕೆಂಪು ಎಂಬುದು ಒಂದು ಎಳೆಯೂ ಇಲ್ಲ.

ಅಫ್ರಾ ತನ್ನ ಯಂತ್ರದ ಗುಂಡಿಯನ್ನು 'ಹುಡುಕು' ಎಂಬಲ್ಲಿಗೆ ತಿರುಗಿಸಿ ಗುಡ್ಡೆಯ ಮೇಲೆ ಅತ್ತಿತ್ತ ನಡೆದಳು. ಬೀಪ್ ಸದ್ದು ಹೆಚ್ಚಾದಲ್ಲಿ ಬಗ್ಗಿ, ಕೋಲು ಚುಚ್ಚಿ, ಸಲಿಕೆ ಹಾಕಿದಳು. ರೋಸ್ವಿತಾಳ ಮೂಟೆ ಸಿಕ್ಕೇ ಬಿಟ್ಟಿತು. ಕೊರ್ಬಿನಿಯಾನ್ ಮಾತ್ರ ಪೊರಕೆಯ ಕೋಲು ಹಿಡಿದು ಇಲ್ಲಿ ಚುಚ್ಚು, ಅಲ್ಲಿ ಚುಚ್ಚು. ಹೆಂಡತಿ ನೋಟ್ಬುರ್ಗಾ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಯ್ಯೋ, ಅದು ನಾನು ಬಿತ್ತನೆಗೆ ಇಟ್ಟಿದ್ದ ಆಲೂಗಡ್ಡೆ ಅಲ್ವೇನ್ರೀ?"

"ಸಿಗುತ್ತೆ ಇರೇ!"

"ಕಣ್ಣ ಮುಂದೆ ಹಿತ್ತಲಲ್ಲಿ ಬಿದ್ದಿದ್ದೇ ಸಿಗ್ತಿಲ್ಲ. ಬೆಟ್ಟದಲ್ಲಿ ಬಿದ್ದೋರನ್ನ ಹುಡುಕ್ತಾರಂತೆ!"

ಅವನು ಬೆವರು ಒರೆಸಿಕೊಂಡು ನಿಂತ. ರೋಸ್ವಿತಾ ನಗಲಿಲ್ಲ.

"ಕೆಲವು ಸಲ ಹಗ್ಗ ಮೇಲೆ ಉಳಿಯುತ್ತೆ ಅಣ್ಣ. ಎಷ್ಟೋ ಸಲ ಮನುಷ್ಯನ ಜೊತೆಗೇ ಒಳಗೆ ಹೋಗುತ್ತೆ. ಹಿಮದಡಿ ಸಿಕ್ಕವರನ್ನ ಹತ್ತು ನಿಮಿಷದೊಳಗೆ ಎತ್ತಿದ್ರೆ ಬಹಳ ಮಂದಿ ಬದುಕ್ತಾರೆ. ಆಮೇಲೆ ಕಷ್ಟ. ನಮ್ಮ ಪಡೆ ಹೆಲಿಕಾಪ್ಟರಲ್ಲಿ ಬರೋ ಹೊತ್ತಿಗೆ ತಡ ಆಗಿರುತ್ತೆ. ನಿನ್ನನ್ನ ಉಳಿಸೋದು ಅಫ್ರಾ, ಅಫ್ರಾನ ಉಳಿಸೋದು ನೀನು. ನೀನು ಹೀಗೆ ಪೊರಕೆ ಕೋಲು ಹಿಡ್ಕೊಂಡು ನಿಂತ್ರೆ ಅವಳ ಗತಿ ಏನು?"

ಆ ಮಾತು ಕೊರ್ಬಿನಿಯಾನನ ಎದೆಗೆ ನಾಟಿತು. ಸಂಜೆವರೆಗೂ ಹಿತ್ತಲಲ್ಲೇ ನಿಂತು ರೋಸ್ವಿತಾಳಿಂದ ಯಂತ್ರ ಹಿಡಿಯುವುದನ್ನು ಕಲಿತ. ಬೇರೆಯವರಿಗೆ ಕಲಿಸಿಯೇ ಅಭ್ಯಾಸವಿದ್ದ ಮನುಷ್ಯನಿಗೆ ಕಲಿಯುವುದು ನಾಚಿಕೆ ಎನಿಸಿತು. ಆದರೂ ಕಲಿತ.

"ಇನ್ನೊಂದು ಮಾತು," ಎಂದಳು ರೋಸ್ವಿತಾ ಹೊರಡುವಾಗ. "ಒಬ್ಬರ ಬೆನ್ನಿಗೇ ಒಬ್ಬರು ಇಳೀಬೇಡಿ. ಒಬ್ಬರು ಇಳಿದು ಬಂಡೆ ಮರೆಗೆ ನಿಂತ ಮೇಲೆ ಇನ್ನೊಬ್ಬರು. ಇಬ್ಬರೂ ಒಟ್ಟಿಗೆ ಹೂತುಹೋದ್ರೆ ಹುಡುಕೋರು ಯಾರು? ಮತ್ತೆ ಬೆಳಿಗ್ಗೆ ಎದ್ದವರೇ ಹಿಮದ ಮುನ್ಸೂಚನೆ ನೋಡಿ."

"ಜಡೆ?" ಎಂದ ಕೊರ್ಬಿನಿಯಾನ್. ದನಿ ಸಣ್ಣದಾಗಿತ್ತು.

"ಒಬ್ಬರಾದ ಮೇಲೆ ಒಬ್ಬರು ಹೆಣೆದರೂ ಜಡೆ ಜಡೆಯೇ ಅಣ್ಣ."

ಹಬ್ಬದ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅಫ್ರಾ ಫೋನಿನಲ್ಲಿ ಮುನ್ಸೂಚನೆ ಓದಿದಳು. ಹಿಂದಿನ ಎರಡು ದಿನ ಗಾಳಿ ಹಿಮವನ್ನು ತಂದು ಉತ್ತರದ ಕಡಿದಾದ ಇಳಿಜಾರುಗಳಲ್ಲಿ ಗುಡ್ಡೆ ಹಾಕಿದೆ, ಹಿಮ ಕುಸಿಯುವ ಅಪಾಯ ಗಣನೀಯ ಎಂದಿತ್ತು. ಕರಿ ಕೊರಕಲು ಉತ್ತರಕ್ಕೇ ಮುಖ ಮಾಡಿದೆ.

"ನಮ್ಮ ಹತ್ರ ಯಂತ್ರ ಇದೆಯಲ್ಲ," ಎಂದ ಕೊರ್ಬಿನಿಯಾನ್. "ಹೋಗಿ ನೋಡೋಣ."

ನೋಡಿ, ಇದೇ ಎರಡನೆಯ ತಪ್ಪು. ಹಗ್ಗದ ಮೇಲಿದ್ದ ಮೊಂಡು ನಂಬಿಕೆಯನ್ನು ಬಿಚ್ಚಿ ಯಂತ್ರಕ್ಕೆ ಕಟ್ಟಿದ, ಅಷ್ಟೆ.

ಕೇಬಲ್ ಕಾರಿನಲ್ಲಿ ಮೇಲೆ ಹೋಗಿ ಕೊರಕಲಿನ ಅಂಚಿಗೆ ಬಂದು ನಿಂತರು. ಹಿಮ ಹೊಳೆಯುತ್ತಿತ್ತು, ಒಂದು ಗೆರೆಯೂ ಬಿದ್ದಿರಲಿಲ್ಲ. ಕೊರ್ಬಿನಿಯಾನನ ಕಣ್ಣಲ್ಲಿ ನೀರು ಬಂತು. ಇಲ್ಲೇ ವೆಂಡೆಲಿನ್ ಪ್ರತಿ ಸಲವೂ ಟೋಪಿ ಸರಿಮಾಡಿಕೊಂಡು, "ಹಿಂದೆ ಬೀಳಬೇಡ ಮುದಿಯಾ" ಎಂದು ಕೆಣಕುತ್ತಿದ್ದುದು. ಇಪ್ಪತ್ತರ ಹರೆಯದಲ್ಲೂ ಅದೇ ಮಾತು. ಮುದುಕ ತನ್ನ ಟೋಪಿಯನ್ನೂ ಹಾಗೇ ಸರಿಮಾಡಿಕೊಂಡ.

ಒಂದು ಹೆಜ್ಜೆ ಮುಂದೆ ಸರಿದ. ಕಾಲಡಿಯಲ್ಲಿ ಹಿಮ 'ಹೂಂಫ್' ಎಂದು ಸದ್ದು ಮಾಡಿ ತುಸು ಕೆಳಗೆ ಕೂತಿತು.

ಆ ಸದ್ದು ಅವನಿಗೆ ಗೊತ್ತು, ಒಳಗಿನ ಹಿಮದ ಪದರ ಕುಸಿದಾಗ ಬರುವುದು. ಬೆಟ್ಟ ಗಂಟಲು ಸರಿಮಾಡಿಕೊಳ್ಳುತ್ತಿದೆ ಎಂದು ಅವನ ಅಪ್ಪ ನಗಾಡುತ್ತಿದ್ದ. ಅಪ್ಪ ನಕ್ಕ, ವೆಂಡೆಲಿನ್ ನಕ್ಕ, ಇವನೂ ನಕ್ಕು ಇಳಿದಿದ್ದ. ಅದೃಷ್ಟ ಚೆನ್ನಾಗಿತ್ತು, ಬದುಕಿದರು.

"ನಾನು ಮೊದಲು ಇಳಿಯಲಾ ಅಪ್ಪ?" ಅಫ್ರಾ ಕೇಳಿದಳು.

ಕೊರ್ಬಿನಿಯಾನ್ ಮಗಳ ಮುಖ ನೋಡಿದ. ಹಿತ್ತಲಿನ ಗುಡ್ಡೆ ಕಣ್ಣಿಗೆ ಬಂತು. ಅದರಡಿಯಲ್ಲಿ ಆಲೂಗಡ್ಡೆಯ ಬದಲು ಇವಳು.

"ಬೇಡ."

"ಏನು?"

"ಹಿಂದಕ್ಕೆ ಹೋಗೋಣ ನಡಿ."

"ಅಪ್ಪ, ಇದು ನಿನ್ನ ಕೊನೇ ಸಲ. ಇಷ್ಟು ದೂರ ಬಂದು... ನೀನು ಯಾವತ್ತೂ ಇಲ್ಲಿಂದ ಹಿಂದೆ ತಿರುಗಿಲ್ಲ. ನನಗೋಸ್ಕರ ಆದ್ರೆ ಬೇಡ, ನನಗೇನೂ ಭಯ ಇಲ್ಲ."

"ನನಗಿದೆ ಮಗಳೇ. ಯಂತ್ರ ನಿನ್ನನ್ನ ಹುಡುಕಿ ಕೊಡುತ್ತೆ. ಹಿಮ ಬೀಳದ ಹಾಗೆ ತಡೆಯೋದಿಲ್ಲ."

ಅವರಿಬ್ಬರೂ ಮಕ್ಕಳು ಇಳಿಯುವ ಸವರಿದ ದಾರಿಯಲ್ಲಿ ಇಳಿದರು. ಕೊರ್ಬಿನಿಯಾನ್ ತಲೆ ತಗ್ಗಿಸಿಕೊಂಡೇ ಬಂದ. ಪರಿಚಯದವರು ಕಂಡರೆ ಏನೆಂದಾರು ಎಂದು ಕೊಟ್ಟಿಗೆಯ ಹಿಂದಿನ ದಾರಿ ಹಿಡಿದು, ಹಿತ್ತಲ ಬಾಗಿಲಿನಿಂದ ಮಗಳೊಂದಿಗೆ ಅಡುಗೆಮನೆಗೆ ಕಾಲಿಟ್ಟ.

ನೋಟ್ಬುರ್ಗಾ ಕಿಟಕಿಯ ಬಳಿ ನಿಂತಿದ್ದಳು. ಇವರಿಗೆ ಬೆನ್ನು. ಒಲೆಯ ಮೇಲೆ ಸಾರು ಉಕ್ಕಿ ಸುರಿಯುತ್ತಿತ್ತು, ಅವಳಿಗೆ ಅದರ ಪರಿವೆಯೇ ಇಲ್ಲ. ಕಿಟಕಿಯಿಂದ ಕರಿ ಕೊರಕಲು ನೆತ್ತಿಯಿಂದ ಬುಡದವರೆಗೂ ಕಾಣುತ್ತಿತ್ತು. ಇಷ್ಟು ವರ್ಷ ಅವನು ಮೇಲಿದ್ದಾಗಲೆಲ್ಲ ಇವಳು ಇಲ್ಲಿ ಹೀಗೆ ನಿಂತಿರುತ್ತಿದ್ದಳು ಎಂಬುದು ಕೊರ್ಬಿನಿಯಾನನಿಗೆ ಗೊತ್ತೇ ಇರಲಿಲ್ಲ. ಅವನು ಬರುವ ಹೊತ್ತಿಗೆ ಊಟ ಮೇಜಿನ ಮೇಲಿರುತ್ತಿತ್ತು, ಅವಳು ನಗುತ್ತಿದ್ದಳು.

ಕರೆಯಬೇಕೆಂದು ಬಾಯಿ ತೆರೆದ. ಆಗಲೇ ಬೆಟ್ಟ ಗುಡುಗಿತು. ಕೊರಕಲಿನ ನೆತ್ತಿಯಲ್ಲಿ ಅಡ್ಡಕ್ಕೆ ಬಿರುಕು ಬಿಟ್ಟು ಇಡೀ ಹಿಮವೇ ಕಳಚಿಕೊಂಡು ಕೆಳಗೆ ಬಂತು. ಬಿಳಿಯ ಹೊಗೆ ಕಾಡಿನವರೆಗೂ ಹಬ್ಬಿತು.

"ಅಫ್ರಾ!" ನೋಟ್ಬುರ್ಗಾ ಚೀರಿದಳು. "ಅಯ್ಯೋ ದೇವರೇ, ಕೊರ್ಬೀ! ನನ್ನ ಮಗು!"

"ನೋಟ್ಬುರ್ಗಾ, ಇಲ್ಲಿದ್ದೀವಿ ಕಣೇ. ಇಲ್ಲೇ ಇದ್ದೀವಿ."

ಅವಳು ತಿರುಗಿದಳು. ಗಂಡನನ್ನು ನೋಡಿದಳು, ಮಗಳನ್ನು ನೋಡಿದಳು. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಗಂಡನಿಗೆ ಪಟಪಟ ಬಾರಿಸಿದಳು. ಆಮೇಲೆ ಇಬ್ಬರನ್ನೂ ತಬ್ಬಿಕೊಂಡು ಜೋರಾಗಿ ಅತ್ತಳು. ಕೊರ್ಬಿನಿಯಾನನೂ ಅತ್ತ. ಮಂಡಿ, ಜಡೆ, ಕೊನೆಯ ಸಲ, ಯಾವುದೂ ಅವನಿಗೆ ನೆನಪಿರಲಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಬೆಟ್ಟ ನಿಮ್ಮದೇ. ಕಡಿದಾದ ಇಳಿಜಾರಿನ ಸುಖ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಬೆಳಿಗ್ಗೆ ಬೂಟು ಹಾಕುವ ಮೊದಲು ಮುನ್ಸೂಚನೆ ಓದಿ. ಬೀಪ್ ಯಂತ್ರ ಎದೆಯ ಮೇಲೆ ಆನ್ ಆಗಿರಲಿ, ಚೀಲದಲ್ಲಿ ಸಲಿಕೆಯೂ ಚುಚ್ಚುಕೋಲೂ ಇರಲಿ. ಅವನ್ನು ಬಳಸುವುದನ್ನು ಮನೆಯ ಹಿತ್ತಲಲ್ಲೇ ಕಲಿಯಿರಿ. ಒಬ್ಬರಾದ ಮೇಲೆ ಒಬ್ಬರು ಇಳಿಯಿರಿ. ಅಂಚಿಗೆ ಹೋಗಿ ನಿಂತಾಗ ಮನಸ್ಸು ಒಪ್ಪದಿದ್ದರೆ, ಅಲ್ಲಿಂದ ಹಿಂದೆ ಬರುವುದಕ್ಕೆ ನಾಚಬೇಡಿ. ಯಾರಾದರೂ ನಕ್ಕರೆ ನಗಲಿ. ನೀವು ಮೇಲಿರುವಷ್ಟು ಹೊತ್ತೂ ನಿಮ್ಮ ಮನೆಯಲ್ಲಿ ಒಬ್ಬರು ಕಿಟಕಿಯ ಬಳಿ ನಿಂತಿರುತ್ತಾರೆ.