ದೋಣಿ ಇಳಿದವಳ ಹೆಜ್ಜೆ

ಲಿಫ್ಟಣ್ಣ ಮೂವತ್ತೈದು ವರ್ಷ ಲಿಫ್ಟಿನಲ್ಲಿ ಜನರನ್ನು ಮೇಲೆ ಕೆಳಗೆ ಮಾಡಿದವನು. ಇನ್ನು ನಾಲ್ಕು ದಿನಕ್ಕೆ ನಿವೃತ್ತಿ, ಐದನೆಯ ದಿನ ವಿಮಾನ. ಹೆಂಡತಿಯೊಂದಿಗೆ ಪರದೇಶದ ಮಗಳ ಮನೆಗೆ, ಉಳಿದ ಆಯುಷ್ಯ ಕಳೆಯಲು. ಮಧ್ಯಾಹ್ನದ ಬಿಡುವಿನಲ್ಲಿ ಅವನು ಹನ್ನೆರಡನೇ ಮಹಡಿಯ ಮೇಲಿನ ಲಿಫ್ಟಿನ ಮೋಟಾರು ಕೋಣೆಯಲ್ಲಿ, ಮಗುಚಿಟ್ಟ ಗ್ರೀಸ್ ಡಬ್ಬದ ಮೇಲೆ ಕೂತು ಫೋನು ತೆಗೆದ.

ಫೋನಿನಲ್ಲಿ ದೆವ್ವದ ಕತೆಗಳದೇ ಒಂದು ಗುಂಪು. ಔಷಧಿ ಅಂಗಡಿಯ ಮಾತ್ರೆಯಕ್ಕ, ಭೂಮಿ ಅಳೆಯುವ ಸರಪಳಿ ಮಾವ, ಮತ್ತೆ ಇವನು. ಒಂಬತ್ತು ವರ್ಷವಾದರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ನಿಯಮ ಒಂದೇ: ಒಬ್ಬರು ಕತೆ ಹೇಳುವಾಗ ಉಳಿದವರು ಮಾತುಮಾತಿಗೂ 'ಹ್ಞೂಂ' ಎಂದು ಬರೆಯಬೇಕು. ಹ್ಞೂಂ ನಿಂತರೆ ಕೇಳುವವರು ಮಲಗಿದ್ದಾರೆಂದೇ ಅರ್ಥ. ಕತೆ ಅಲ್ಲಿಗೇ ಬಂದ್.

ಮಾತ್ರೆಯಕ್ಕ ಆಗಲೇ ಶುರು ಹಚ್ಚಿದ್ದಳು. "ಅಲ್ಲಾ ಲಿಫ್ಟಣ್ಣ, ನೀವು ಹೋಗ್ತೀರ ಸರಿ. ನಿಮ್ಮ ದೆವ್ವಗಳ ಗತಿ ಏನು?"

"ಜೊತೆಗೇ ಬರ್ತಾವೆ. ತೂಕ ಇಲ್ಲವಲ್ಲ, ಲಗೇಜಲ್ಲಿ ಸೇರ್ಕೊಳ್ತಾವೆ."

ಸರಪಳಿ ಮಾವ ಬರೆಯುವವನಲ್ಲ, ದನಿ ಮುದ್ರಿಸಿ ಕಳಿಸುವವನು. ತಾನೇ ವಿಮಾನ ನಿಲ್ದಾಣದ ಅಧಿಕಾರಿ ಎಂಬಂತೆ ಮೂಗಿನಲ್ಲಿ ಮಾತಾಡಿದ: "ಏನಮ್ಮಾ ಮೋಹಿನಿ, ನಿನ್ನ ಪಾದ ಹಿಂದುಮುಂದಾಗಿದೆ. ಬರ್ತಾ ಇದೀಯೋ, ಹೋಗ್ತಾ ಇದೀಯೋ? ಯಾವ ಮುದ್ರೆ ಒತ್ತಲಿ?"

ಲಿಫ್ಟಣ್ಣ ನಕ್ಕು ವಿಷಯಕ್ಕೆ ಬಂದ. "ನನ್ನ ಹತ್ರ ಒಂದು ಅರ್ಧ ಕತೆ ಇದೆ. ಅಮ್ಮ ಹೇಳ್ತಿದ್ದದ್ದು. ಪ್ರತಿ ಸಲ ಅರ್ಧಕ್ಕೇ ನಿದ್ದೆ ಹೋಗ್ತಿದ್ದೆ. ಈಗ ಕೇಳೋಣ ಅಂದ್ರೆ ಅಮ್ಮ ಇಲ್ಲ. ಅಲ್ಲಿ ಮೊಮ್ಮಗಳು ಕತೆಗೆ ಕಾಯ್ತಿದಾಳೆ. ಅವಳು ಅರ್ಧಕ್ಕೆ ಮಲಗೋ ಪೈಕಿ ಅಲ್ಲ. ಕೊನೆ ಗೊತ್ತಿದ್ರೆ ಹೇಳಿ."

"ಶುರು ಮಾಡಿ. ಹ್ಞೂಂ," ಎಂದಳು ಮಾತ್ರೆಯಕ್ಕ.

ಕತೆ ಇಷ್ಟು. ಹೊಳೆಯ ಈಚೆ ದಡದಲ್ಲಿ ಒಬ್ಬಳು ಹೆಣ್ಣು ದೆವ್ವ. ಜನರಿಂದ ಬೈಸಿಕೊಂಡು ಬೈಸಿಕೊಂಡು ಅವಳಿಗೂ ಬೇಸರ ಬಂತು. ಆಚೆ ದಡದಲ್ಲಾದರೂ ಬದುಕೋಣವೆಂದು ದೋಣಿ ಹತ್ತಿದಳು. ಅಂಬಿಗ ಅವಳ ಹಿಂದುಮುಂದಾದ ಪಾದ ನೋಡಿಯೂ ನೋಡದವನಂತೆ ಹುಟ್ಟು ಹಾಕಿದ. ದೋಣಿ ದಡ ಮುಟ್ಟಿತು. ಅವಳು ಒದ್ದೆ ಮರಳಿನ ಮೇಲೆ ಇಳಿದಳು.

"ಹ್ಞೂಂ," ಎಂದಳು ಮಾತ್ರೆಯಕ್ಕ.

"ಅಷ್ಟೇ. ನಾನು ಮಲಗಿದೆ."

"ಸುಲಭ. ಅಂಬಿಗನ್ನ ತಿಂದಳು."

"ಅದಲ್ಲ."

"ಹಾಗಾದ್ರೆ ಈಚೆ ದಡ ನೆನೆಸ್ಕೊಂಡು ಅತ್ತಳು."

"ಅದೂ ಅಲ್ಲ."

"ಕೊನೆ ಗೊತ್ತಿಲ್ಲ ಅಂತೀರ, ಅದಲ್ಲ ಇದಲ್ಲ ಅಂತೀರ. ನಿಮ್ಮಂಥ ಗಿರಾಕಿ ದಿನಾ ಬರ್ತಾರೆ ನನ್ನ ಅಂಗಡಿಗೆ. ಮಾತ್ರೆ ಹೆಸರು ಗೊತ್ತಿರಲ್ಲ, ಕೊಟ್ಟಿದ್ದಕ್ಕೆಲ್ಲ 'ಅದಲ್ಲ' ಅಂತಾರೆ."

ಲಿಫ್ಟಣ್ಣ ಏನೋ ಬರೆದು ಅಳಿಸಿದ. ಮತ್ತೆ ಬರೆದ. "ಅಮ್ಮನ ತೊಡೆ ಮೇಲೆ ಮಲಗ್ತಿದ್ದೆ. ಕತೆ ಕೊನೆಗೆ ತೊಡೆ ಅಲುಗಾಡ್ತಿತ್ತು. ನಗ್ತಿದ್ಳು. ನಿದ್ದೆಯಲ್ಲೂ ಅಷ್ಟು ಗೊತ್ತಾಗ್ತಿತ್ತು."

ಕೆಳಗೆ ಯಾರೋ ಗುಂಡಿ ಒತ್ತಿದರು. ಮೋಟಾರು ಗುರ್ರೆಂದು ತಿರುಗಿ ನಿಂತಿತು. ಅಷ್ಟರಲ್ಲಿ ಸರಪಳಿ ಮಾವನ ದನಿ ಬಂತು.

"ನಾನು ಗುರುತು ನೋಡಿ ಹೇಳೋನು. ಕೇಳಿ. ಅಂಬಿಗ ಓಡಿಹೋಗಿ, ದೆವ್ವ ಬಂದಿದೆ ಅಂತ ಊರೋರನ್ನ ಕರ್ಕೊಂಡು ಬಂದ. ಅವರು ಮರಳು ನೋಡಿದ್ರು. ಹೆಜ್ಜೆ ಎಲ್ಲಾ ಹೊಳೆ ಕಡೆಗೇ ಇದೆ. 'ಎಲ್ಲಯ್ಯಾ ಬಂದಿದೆ? ವಾಪಸ್ ಹೋಗಿದೆಯಲ್ಲ' ಅಂದ್ರು. ಅಷ್ಟರಲ್ಲಿ ಗುಂಪಿನಿಂದ ಒಬ್ಬಳು, ಪಾದ ಮುಚ್ಚೋ ಹಾಗೆ ಬಟ್ಟೆ ಹಾಕ್ಕೊಂಡೋಳು..." ಇಲ್ಲಿ ಮಾವನ ದನಿ ಸಣ್ಣಗಾಯಿತು. "'ಹೌದು ಕಣ್ರೀ, ನಾನೇ ನೋಡಿದೆ, ಈಗಷ್ಟೇ ಹೋದಳು...'"

ಮುಂದೆ ಮಾತಿಲ್ಲ. ಆ ಸಣ್ಣ ದನಿಗೆ ಮಾವನಿಗೇ ನಗು ತಡೆಯಲಾಗಲಿಲ್ಲ. ಹನ್ನೊಂದು ಸೆಕೆಂಡು ಬರೀ ನಗು.

ಲಿಫ್ಟಣ್ಣನ ಫೋನು ತೊಡೆಯ ಮೇಲಿತ್ತು. ಹಳೆಯ ಫೋನು, ಜೋರು ದನಿ ಬಂದರೆ ಅದರ ಮೈಯೆಲ್ಲ ಅದುರಿ ತೊಡೆಗೂ ತಟ್ಟುತ್ತದೆ. ಅವನು ಆ ನಗುವನ್ನು ಇನ್ನೊಮ್ಮೆ ಹಾಕಿ, ಫೋನನ್ನು ಅಲ್ಲೇ ಬಿಟ್ಟು, ಕಣ್ಣು ಮುಚ್ಚಿ ಕೇಳಿದ. ಆಮೇಲೆ ಬರೆದ: "ಹ್ಞೂಂ."

"ಕತೆ ಮುಗೀತಲ್ಲ, ಇನ್ಯಾಕೆ ಹ್ಞೂಂ?" ಎಂದಳು ಮಾತ್ರೆಯಕ್ಕ.

"ಈ ಸಲ ಎಚ್ಚರ ಇದ್ದೆ."